ಫ್ಲಾರಿಡಾದ ಸರ್ಕಾರಿ ಮನೆ ವಿಮೆ: ಯಾರಿಗೆ ಸಿಗುತ್ತದೆ, ದುಡ್ಡು ಯಾರದು

ಫ್ಲಾರಿಡಾದಲ್ಲಿ ಸಾಲ ಮಾಡಿ ಮನೆ ಕೊಳ್ಳುವವರು ವಿಮೆಯಿಲ್ಲದೆ ಆ ಮನೆಯ ಹೊಸಿಲು ದಾಟುವಂತಿಲ್ಲ. ಸಾಲ ಕೊಡುವ ಬ್ಯಾಂಕು ಮನೆಯನ್ನೇ ಅಡಮಾನ ಹಿಡಿದಿರುತ್ತದೆ. ಬಿರುಗಾಳಿಗೆ ಚಾವಣಿ ಹಾರಿಹೋದರೆ ಅಡಮಾನಕ್ಕೆ ಬೆಲೆ ಎಲ್ಲಿಯದು? ಹಾಗಾಗಿ ಪಾಲಿಸಿ ತೋರಿಸಿದ ಮೇಲೆಯೇ ಸಾಲ ಬಿಡುಗಡೆ. ಟ್ಯಾಂಪಾ, ಒರ್ಲಾಂಡೊ, ಜಾಕ್ಸನ್‌ವಿಲ್ ಕಡೆ ನೆಲೆಸಿರುವ ಕನ್ನಡ ಕುಟುಂಬಗಳೂ ಈ ಹಂತ ದಾಟಿಯೇ ಮನೆ ಮಾಡಿಕೊಂಡಿವೆ. ಏಜೆಂಟ್ ಒಂದಾದ ಮೇಲೊಂದು ಕಂಪನಿಯನ್ನು ಕೇಳುತ್ತಾ ಹೋಗುತ್ತಾನೆ. ಒಂದು ಕಂಪನಿ ಚಾವಣಿ ಹಳೆಯದಾಯಿತು ಎನ್ನುತ್ತದೆ, ಇನ್ನೊಂದು ಸಮುದ್ರ ತೀರಾ ಹತ್ತಿರ ಎನ್ನುತ್ತದೆ, ಮತ್ತೊಂದು ಆ ಜಿಲ್ಲೆಯಲ್ಲಿ ಹೊಸ ಪಾಲಿಸಿ ಬರೆಯುವುದನ್ನೇ ನಿಲ್ಲಿಸಿರುತ್ತದೆ. ಎಲ್ಲರೂ ಕೈಯೆತ್ತಿದಾಗ ಉಳಿಯುವುದು ಸಿಟಿಜನ್ಸ್ ಪ್ರಾಪರ್ಟಿ ಇನ್ಶೂರೆನ್ಸ್ ಕಾರ್ಪೊರೇಷನ್ ಎಂಬ, ರಾಜ್ಯವೇ ಕಾನೂನು ಮಾಡಿ ನಿಲ್ಲಿಸಿದ ಸಂಸ್ಥೆ.

ಇದಕ್ಕೆ ಷೇರುದಾರರಿಲ್ಲ, ಲಾಭದ ಗುರಿಯಿಲ್ಲ. ಹಾಗೆಂದು ಕೇಳಿದವರಿಗೆಲ್ಲ ಪಾಲಿಸಿ ಕೊಡುವುದೂ ಇಲ್ಲ, ಮನಸ್ಸಿಗೆ ಬಂದ ದರ ಹಾಕುವುದೂ ಇಲ್ಲ. ಯಾರು ಅರ್ಹರು ಎಂಬುದನ್ನು ಒಂದು ನಿಯಮಾವಳಿ ಹೇಳುತ್ತದೆ, ಎಷ್ಟು ವಸೂಲಿ ಮಾಡಬಹುದು ಎಂಬುದನ್ನು ಇನ್ನೊಂದು. ಇವೆರಡನ್ನೂ ಜೊತೆಯಲ್ಲಿಟ್ಟು ಓದಬೇಕು. ದರ ತಗ್ಗಿಸಿದರೆ ಬಾಗಿಲಲ್ಲಿ ಜನ ಹೆಚ್ಚುತ್ತಾರೆ. ಜನ ಹೆಚ್ಚಿದಷ್ಟೂ ಒಂದು ದೊಡ್ಡ ಬಿರುಗಾಳಿಯ ನಷ್ಟ ಇಡೀ ರಾಜ್ಯದ ಹೆಗಲಿಗೆ ಬೀಳುವ ಅಪಾಯ ಬೆಳೆಯುತ್ತದೆ. ಫ್ಲಾರಿಡಾ ಈ ಪಾಠ ಕಲಿತದ್ದು ಏಟು ತಿಂದ ಮೇಲೆ.

1992ರ ಆಗಸ್ಟ್ 24ರ ನಸುಕಿನಲ್ಲಿ ಆಂಡ್ರೂ ಚಂಡಮಾರುತ ಮಯಾಮಿಯ ದಕ್ಷಿಣಕ್ಕೆ, ಹೋಮ್‌ಸ್ಟೆಡ್ ಪಟ್ಟಣದ ಸುತ್ತ ಅಪ್ಪಳಿಸಿತು. 25 ಸಾವಿರಕ್ಕೂ ಹೆಚ್ಚು ಮನೆಗಳು ಪೂರ್ತಿ ನಾಶವಾದವು, ಸುಮಾರು ಒಂದು ಲಕ್ಷ ಮನೆಗಳು ಜಖಂಗೊಂಡವು. ವಿಮಾ ಕಂಪನಿಗಳು ತೆರಬೇಕಾಗಿ ಬಂದದ್ದು ಆಗಿನ ಲೆಕ್ಕದಲ್ಲಿ ಸುಮಾರು 1,550 ಕೋಟಿ ಡಾಲರ್. ಹಲವು ಕಂಪನಿಗಳು ದಿವಾಳಿಯೆದ್ದವು. ಉಳಿದುಕೊಂಡ ದೊಡ್ಡ ಕಂಪನಿಗಳು ರಾಜ್ಯದಿಂದ ಕಾಲ್ತೆಗೆಯಲು ನೋಡಿದವು. ಅಲ್ಲಿಯವರೆಗೆ ಅವು ಹಳೆಯ ನಷ್ಟಗಳ ಸರಾಸರಿ ನೋಡಿ ದರ ಹಾಕುತ್ತಿದ್ದವು. ಆಂಡ್ರೂವಿನಂಥ ಒಂದೇ ಗಾಳಿ ದಶಕಗಳ ಕಂತಿನ ಹಣವನ್ನು ಒಂದು ಬೆಳಗಿನಲ್ಲಿ ನುಂಗಬಲ್ಲದು ಎಂಬುದು ಆ ಸರಾಸರಿಯಲ್ಲಿ ಇರಲಿಲ್ಲ.

ಕರಾವಳಿಯ ಗಾಳಿ ಹಾನಿಗೆಂದು 1970ರಿಂದಲೇ ಒಂದು ಸಣ್ಣ ವ್ಯವಸ್ಥೆಯಿತ್ತು. ಆಂಡ್ರೂ ಬಂದ ಮೇಲೆ, ಎಲ್ಲೂ ವಿಮೆ ಸಿಗದ ಮನೆಗಳಿಗಾಗಿ ಇನ್ನೊಂದನ್ನು ಕಟ್ಟಿದರು. 1993ರಲ್ಲಿ ಚಂಡಮಾರುತ ನಿಧಿ ಎಂಬ, ವಿಮಾ ಕಂಪನಿಗಳಿಗೇ ವಿಮೆ ಕೊಡುವ ರಾಜ್ಯದ ಮರುವಿಮಾ ಖಜಾನೆ ಹುಟ್ಟಿತು. 2002ರಲ್ಲಿ ಮೊದಲಿನ ಎರಡು ವ್ಯವಸ್ಥೆಗಳನ್ನು ಒಂದುಗೂಡಿಸಿದಾಗ ಸಿಟಿಜನ್ಸ್ ಅಸ್ತಿತ್ವಕ್ಕೆ ಬಂತು. ಎರಡೇ ವರ್ಷಕ್ಕೆ ಅದರ ಪರೀಕ್ಷೆ. 2004ರ ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್ ಕೊನೆಯೊಳಗೆ ಚಾರ್ಲಿ, ಫ್ರಾನ್ಸಿಸ್, ಇವಾನ್, ಜೀನ್ ಎಂಬ ನಾಲ್ಕು ಚಂಡಮಾರುತಗಳು ಸಾಲಾಗಿ ಬಂದವು. 2005ರಲ್ಲಿ ವಿಲ್ಮಾ ಬಂತು. ಆ ವರ್ಷದ ಕೊರತೆಯೊಂದೇ 170 ಕೋಟಿ ಡಾಲರ್ ದಾಟಿತು. ರಾಜ್ಯದ ಬೊಕ್ಕಸದಿಂದ 71.5 ಕೋಟಿ ಡಾಲರ್ ಸುರಿದರೂ ಸಾಲದಾಯಿತು. ಮಿಕ್ಕಿದ್ದನ್ನು ಸಿಟಿಜನ್ಸ್‌ನಲ್ಲಿ ಪಾಲಿಸಿಯೇ ಇಲ್ಲದವರ ಬಿಲ್ಲಿಗೂ ಹೆಚ್ಚುವರಿ ಶುಲ್ಕವಾಗಿ ಸೇರಿಸಿದರು. 2005ರ ಗಾಳಿಯ ಲೆಕ್ಕ ಚುಕ್ತಾ ಆಗಿ ಆ ಶುಲ್ಕ ನಿಂತದ್ದು 2015ರಲ್ಲಿ.

ಈಗ ಅರ್ಹತೆಯ ನಿಯಮಕ್ಕೆ ಬರೋಣ. ಹೆಚ್ಚು ಚರ್ಚೆಯಾಗುವುದು ಶೇ 20ರ ನಿಯಮ. 2022ರ ಡಿಸೆಂಬರ್‌ನಲ್ಲಿ ಶಾಸನಸಭೆಯ ವಿಶೇಷ ಅಧಿವೇಶನ ಒಪ್ಪಿದ, ಗವರ್ನರ್ ರಾನ್ ಡಿಸಾಂಟಿಸ್ ಸಹಿ ಹಾಕಿದ ಕಾನೂನು ಇದನ್ನು ಈಗಿನ ರೂಪಕ್ಕೆ ತಂದಿತು. ಒಂದು ಲೆಕ್ಕ ಹಾಕಿ ನೋಡಿ. ನಿಮ್ಮ ಮನೆಗೆ ಸಿಟಿಜನ್ಸ್ ಹೇಳುವ ಪ್ರೀಮಿಯಂ ವರ್ಷಕ್ಕೆ 4,000 ಡಾಲರ್ ಎಂದುಕೊಳ್ಳೋಣ. ಅದರ ಮೇಲೆ ಶೇ 20 ಸೇರಿಸಿದರೆ 4,800. ಸರಿಸುಮಾರು ಇದೇ ರಕ್ಷಣೆಯನ್ನು ಖಾಸಗಿ ಕಂಪನಿಯೊಂದು 4,800 ಅಥವಾ ಅದಕ್ಕಿಂತ ಕಡಿಮೆಗೆ ಕೊಡಲು ಸಿದ್ಧವಿದ್ದರೆ ನೀವು ಸಿಟಿಜನ್ಸ್‌ಗೆ ಅರ್ಹರಲ್ಲ. 800 ಡಾಲರ್ ಹೆಚ್ಚಾಗುತ್ತದೆ ಎಂಬುದು ಅಲ್ಲಿ ವಾದವೇ ಆಗುವುದಿಲ್ಲ. ಖಾಸಗಿ ದರ 4,800 ದಾಟಿದಾಗ ಮಾತ್ರ ಬಾಗಿಲು ತೆರೆಯುತ್ತದೆ.

ಮೊದಲು ಈ ಮಿತಿ ಶೇ 15 ಇತ್ತು, ಹೊಸದಾಗಿ ಬರುವವರಿಗೆ ಮಾತ್ರ ಅನ್ವಯಿಸುತ್ತಿತ್ತು. ಒಳಗಿದ್ದವರನ್ನು ಖಾಸಗಿ ಕಂಪನಿ ಕರೆದರೆ, ಬೇಡ ಎಂದು ಬರೆದುಕೊಟ್ಟು ಅಲ್ಲಿಯೇ ಉಳಿಯಬಹುದಿತ್ತು. ಈಗ ನವೀಕರಣಕ್ಕೂ ಶೇ 20ರ ನಿಯಮವೇ ಲಾಗೂ. ರಾಜ್ಯದ ವಿಮಾ ನಿಯಂತ್ರಣ ಕಚೇರಿಯ ಒಪ್ಪಿಗೆ ಪಡೆದ ಕಂಪನಿಗಳು ಸಿಟಿಜನ್ಸ್‌ನ ಪಟ್ಟಿಯಿಂದ ತಮಗೆ ಬೇಕಾದ ಮನೆಗಳನ್ನು ಆರಿಸಿಕೊಂಡು ಪತ್ರ ಕಳಿಸುತ್ತವೆ. ಪತ್ರದಲ್ಲಿರುವ ಅಂದಾಜು ದರ ಶೇ 20ರೊಳಗಿದ್ದರೆ ಹೋಗಲೇಬೇಕು. ಮೀರಿದ್ದರೆ ಉಳಿಯುವ ಹಕ್ಕಿದೆ. ಆದರೆ ಗಡುವಿನೊಳಗೆ ಹಾಗೆಂದು ತಿಳಿಸದೆ ಸುಮ್ಮನಿದ್ದರೆ ಪಾಲಿಸಿ ತಾನಾಗಿ ಹೊಸ ಕಂಪನಿಗೆ ವರ್ಗವಾಗುತ್ತದೆ. ವಯಸ್ಸಾದ, ಒಂಟಿಯಾಗಿರುವ ಎಷ್ಟೋ ಜನ ಇಂಥ ಪತ್ರವನ್ನು ಜಾಹೀರಾತು ಎಂದೆಣಿಸಿ ಬದಿಗಿಡುವ ಸಾಧ್ಯತೆ ದೊಡ್ಡದು. ಸುಮ್ಮನಿರುವುದನ್ನೇ ಒಪ್ಪಿಗೆ ಎಂದು ಓದುವ ಈ ಏರ್ಪಾಡು ನನಗೆ ಸರಿಕಾಣುವುದಿಲ್ಲ. ಮನೆಯ ಭದ್ರತೆಯ ವಿಷಯದಲ್ಲಿ ಒಂದು ದೂರವಾಣಿ ಕರೆಯಾದರೂ ಕಡ್ಡಾಯವಾಗಬೇಕು.

ನಿಯಮದ ಹಿಂದಿನ ತರ್ಕವನ್ನು ಮಾತ್ರ ತಳ್ಳಿಹಾಕಲಾಗದು. 2019ರಲ್ಲಿ ಸುಮಾರು 4.2 ಲಕ್ಷಕ್ಕೆ ಇಳಿದಿದ್ದ ಸಿಟಿಜನ್ಸ್ ಪಾಲಿಸಿಗಳು 2023ರ ಶರತ್ಕಾಲಕ್ಕೆ 14 ಲಕ್ಷ ದಾಟಿದ್ದವು. ಕಡೆಯ ಆಸರೆಯೆಂದು ಕಟ್ಟಿದ ಸಂಸ್ಥೆ ರಾಜ್ಯದ ಅತಿ ದೊಡ್ಡ ಮನೆ ವಿಮಾ ಸಂಸ್ಥೆಯಾಗಿ ಕುಳಿತಿತ್ತು. ಹೊಸ ನಿಯಮಗಳೂ ಮಾರುಕಟ್ಟೆಗೆ ಬಂದ ಹೊಸ ಕಂಪನಿಗಳೂ ಸೇರಿ 2024ರ ಕೊನೆಗೆ ಈ ಸಂಖ್ಯೆ 10 ಲಕ್ಷಕ್ಕಿಂತ ಕೆಳಗಿಳಿಯಿತು.

ಶೇ 20ರ ಜೊತೆಗೆ ಮನೆಯ ಬೆಲೆಯ ಮಿತಿಯೂ ಇದೆ. ಇಲ್ಲಿ ಬೆಲೆ ಎಂದರೆ ಮಾರಾಟದ ಬೆಲೆಯಲ್ಲ, ಮನೆ ಬಿದ್ದರೆ ಮತ್ತೆ ಕಟ್ಟಲು ತಗಲುವ ಖರ್ಚು. ನಿವೇಶನದ ಬೆಲೆ ಅದರಲ್ಲಿ ಸೇರದು. ಆ ಖರ್ಚು 7 ಲಕ್ಷ ಡಾಲರ್ ಮುಟ್ಟಿದರೆ ಸಿಟಿಜನ್ಸ್ ಒಲ್ಲೆ ಎನ್ನುತ್ತದೆ. ಖಾಸಗಿ ಕಂಪನಿಗಳ ಪೈಪೋಟಿ ಸಾಲದು ಎಂದು ಗುರುತಿಸಲಾದ ಮಯಾಮಿ-ಡೇಡ್ ಮತ್ತು ಮನ್ರೋ ಕೌಂಟಿಗಳಲ್ಲಿ ಮಾತ್ರ ಮಿತಿ 10 ಲಕ್ಷ. ಸಮುದ್ರದಂಚಿನ ಬಂಗಲೆಯ ಅಪಾಯವನ್ನು ಒಳನಾಡಿನ ಬಾಡಿಗೆದಾರ ಹೊರುವುದು ತರವಲ್ಲ ಎಂಬ ಈ ಮಿತಿ ನ್ಯಾಯವಾದದ್ದು.

ಮನೆಯ ಸ್ಥಿತಿಯನ್ನೂ ನೋಡುತ್ತಾರೆ. 20 ವರ್ಷ ದಾಟಿದ ಮನೆಗೆ ನಾಲ್ಕು ಅಂಶಗಳ ತಪಾಸಣೆ ಬೇಕು: ಚಾವಣಿ, ವಿದ್ಯುತ್ ವೈರಿಂಗ್, ನೀರಿನ ಕೊಳವೆ, ಎಸಿ. ಎಲ್ಲಕ್ಕಿಂತ ಹೆಚ್ಚು ಮನೆಗಳು ಎಡವುವುದು ಚಾವಣಿಯಲ್ಲಿ.

ಈಚಿನ ನಿಯಮಗಳಲ್ಲಿ ನನಗೆ ಬಹಳ ಮುಖ್ಯವೆನಿಸುವುದು ನೆರೆ ವಿಮೆಯದು. ಅಮೆರಿಕದಲ್ಲಿ ಸಾಮಾನ್ಯ ಮನೆ ವಿಮೆ ಗಾಳಿಯ ಹಾನಿಗೆ ಹಣ ಕೊಡುತ್ತದೆ, ನೆಲದ ಮೇಲೆ ಏರಿ ಬರುವ ನೀರಿನ ಹಾನಿಗೆ ಕೊಡುವುದಿಲ್ಲ. ನೀರಿಗಾಗಿ 1968ರಿಂದ ಕೇಂದ್ರ ಸರ್ಕಾರದ ನೆರೆ ವಿಮಾ ಯೋಜನೆ ಬೇರೆಯೇ ಇದೆ. ಅದರಲ್ಲಿ ಮನೆಯ ಕಟ್ಟಡಕ್ಕೆ ಗರಿಷ್ಠ 2.5 ಲಕ್ಷ ಡಾಲರ್. 2022ರ ಸೆಪ್ಟೆಂಬರ್ 28ರಂದು ಇಯಾನ್ ಚಂಡಮಾರುತ ಫೋರ್ಟ್ ಮೈಯರ್ಸ್ ಸಮೀಪದಲ್ಲಿ ನೆಲ ಮುಟ್ಟಿದಾಗ ಸಮುದ್ರವೇ ಬೀದಿಗೆ ಬಂತು. ಮನೆ ಕಳೆದುಕೊಂಡ ಎಷ್ಟೋ ಮಂದಿಯ ಬಳಿ ಗಾಳಿಯ ವಿಮೆ ಇತ್ತು, ನೀರಿನದು ಇರಲಿಲ್ಲ. ಗೋಡೆ ಬಿದ್ದದ್ದು ಗಾಳಿಗೋ ನೀರಿಗೋ ಎಂಬ ಜಗಳ ಶುರುವಾಯಿತು. ಆ ವರ್ಷದ ಕಾನೂನು, ಗಾಳಿಯ ರಕ್ಷಣೆ ಸೇರಿದ ಪಾಲಿಸಿ ಬೇಕಾದವರು ನೆರೆ ವಿಮೆಯನ್ನೂ ಹೊಂದಿರಬೇಕು ಎಂದಿತು. ನೆರೆಯ ಅಪಾಯ ಹೆಚ್ಚೆಂದು ಗುರುತಿಸಿದ ವಲಯದ ಮನೆಗಳಿಗೆ 2023ರಿಂದ ಇದು ಜಾರಿಗೆ ಬಂತು. ಮಿಕ್ಕವರಿಗೆ ಮೆಟ್ಟಿಲು ಮೆಟ್ಟಿಲಾಗಿ: 2024ರ ಜನವರಿಯಿಂದ 6 ಲಕ್ಷ ಡಾಲರ್ ಮತ್ತು ಮೇಲಿನ ಮನೆಗಳಿಗೆ, 2025ರಲ್ಲಿ 5 ಲಕ್ಷ, 2026ರಲ್ಲಿ 4 ಲಕ್ಷ, 2027ರ ಜನವರಿಯಿಂದ ಉಳಿದ ಮನೆಗಳಿಗೂ. ಅಪಾರ್ಟ್‌ಮೆಂಟಿನ ಫ್ಲ್ಯಾಟ್ ಮಾಲೀಕರಿಗೆ ಆಮೇಲೆ ವಿನಾಯಿತಿ ಸಿಕ್ಕಿತು. ಖರ್ಚು ಹೆಚ್ಚುತ್ತದೆ, ನಿಜ. ಆದರೆ ನೀರು ನುಗ್ಗಿದ ಮನೆಯೆದುರು ನಿಂತು, ನನ್ನ ಪಾಲಿಸಿಯಲ್ಲಿ ಇದು ಸೇರಿಯೇ ಇಲ್ಲವೆಂದು ಆ ಹೊತ್ತಿಗೆ ತಿಳಿಯುವ ಸಂಕಟಕ್ಕೆ ಹೋಲಿಸಿದರೆ ಈ ಖರ್ಚು ಹಗುರ.

ದರದ ನಿಯಮ ಇದಕ್ಕಿಂತ ಸೂಕ್ಷ್ಮ. ನಮ್ಮ ರೈತರಿಗೆ ಬೆಳೆ ವಿಮೆಯ ದರ ಗೊತ್ತು: ಪ್ರಧಾನಮಂತ್ರಿ ಫಸಲ್ ಬಿಮಾದಲ್ಲಿ ಮುಂಗಾರಿನ ಆಹಾರ ಬೆಳೆಗೆ ರೈತನ ಪಾಲು ವಿಮಾ ಮೊತ್ತದ ಶೇ 2, ಹಿಂಗಾರಿಗೆ ಶೇ 1.5. ನಿಜವಾದ ದರ ಎಷ್ಟೇ ಇದ್ದರೂ ಮಿಕ್ಕಿದ್ದನ್ನು ಸರ್ಕಾರಗಳು ಕಟ್ಟುತ್ತವೆ, ಬಜೆಟ್ಟಿನಲ್ಲಿ ಅದು ಕಣ್ಣಿಗೆ ಕಾಣುತ್ತದೆ. ಸಿಟಿಜನ್ಸ್‌ನಲ್ಲಿ ಹಾಗೆ ಮುಂಗಡವಾಗಿ ಕಟ್ಟುವವರು ಯಾರೂ ಇಲ್ಲ. ಕಾನೂನಿನ ಪ್ರಕಾರ ಅದರ ದರ ಅಪಾಯದ ಲೆಕ್ಕಕ್ಕೆ ಸರಿಹೊಂದಬೇಕು, ಖಾಸಗಿ ಕಂಪನಿಗಳೊಂದಿಗೆ ಪೈಪೋಟಿಗೆ ಇಳಿಯುವಂತಿರಬಾರದು. ಆದರೆ ಅದೇ ಕಾನೂನು ವರ್ಷಕ್ಕೆ ಇಷ್ಟಕ್ಕಿಂತ ಏರಿಸಕೂಡದು ಎಂಬ ಕಡಿವಾಣವನ್ನೂ ಹಾಕಿದೆ. 2010ರಿಂದ ಈ ಮಿತಿ ಶೇ 10 ಇತ್ತು. 2021ರ ತಿದ್ದುಪಡಿ ಅದನ್ನು 2022ರಲ್ಲಿ ಶೇ 11, ಮರುವರ್ಷ 12, ಆಮೇಲೆ 13, 2025ರಲ್ಲಿ 14, 2026ರಿಂದ 15 ಎಂದು ಏರಿಸಿತು.

ಇದು ನಡೆಯುವ ಬಗೆ ಹೀಗೆ. ಒಂದು ಮನೆಯ ಅಪಾಯಕ್ಕೆ ತಕ್ಕ ಪ್ರೀಮಿಯಂ 5,000 ಡಾಲರ್ ಆಗಬೇಕಿತ್ತು, ಮಾಲೀಕರು 2024ರಲ್ಲಿ ಕಟ್ಟಿದ್ದು 3,000 ಎಂದಿಟ್ಟುಕೊಳ್ಳಿ. 2025ರಲ್ಲಿ ಹೆಚ್ಚೆಂದರೆ 3,420, ಮರುವರ್ಷ 3,933, ಅದರ ಮುಂದಿನ ವರ್ಷ 4,500ರ ಮೇಲೆ ಸ್ವಲ್ಪ. ನಿಜವಾದ ದರ ಅಷ್ಟರಲ್ಲಿ ಮೇಲೇರದೆ ನಿಂತಿದ್ದರೆ ನಾಲ್ಕನೇ ವರ್ಷಕ್ಕೆ ಅದನ್ನು ಮುಟ್ಟುತ್ತಾರೆ. ಮಿತಿ ಅನ್ವಯಿಸುವುದು ದರಕ್ಕೆ ಮಾತ್ರ ಎಂಬುದನ್ನು ಬಹಳ ಜನ ಗಮನಿಸುವುದಿಲ್ಲ. ಸಿಮೆಂಟು, ಮರ, ಕೂಲಿ ದುಬಾರಿಯಾಗಿ ಮನೆ ಮರುಕಟ್ಟುವ ಅಂದಾಜು ಏರಿದರೆ ವಿಮಾ ಮೊತ್ತವೂ ಏರುತ್ತದೆ; ಅದರಿಂದ ಹೆಚ್ಚುವ ಪ್ರೀಮಿಯಂ ಈ ಮಿತಿಯೊಳಗೆ ಬರದು. ಮಿತಿಯನ್ನೇ ನಂಬಿ ಕೂತವರ ಬಿಲ್ಲಿನಲ್ಲಿ ಶೇ 20ರ ಏರಿಕೆ ಕಂಡರೆ ಕಾರಣ ಸಾಮಾನ್ಯವಾಗಿ ಇದೇ.

ವಾಸದ ಮನೆಯಲ್ಲದಿದ್ದರೆ ಕಡಿವಾಣ ತೀರಾ ಸಡಿಲ. ಮಾಲೀಕರೋ ಬಾಡಿಗೆದಾರರೋ ವರ್ಷದಲ್ಲಿ 9 ತಿಂಗಳಿಗಿಂತ ಹೆಚ್ಚು ವಾಸವಿರುವ ಮನೆಯನ್ನು ಮಾತ್ರ ಪ್ರಧಾನ ವಾಸದ ಮನೆ ಎಂದು ಎಣಿಸುತ್ತಾರೆ. ಚಳಿಗಾಲ ಕಳೆಯಲು ಉತ್ತರದಿಂದ ಬರುವವರ ಎರಡನೇ ಮನೆ, ರಜೆಗೆಂದು ಬಾಡಿಗೆ ಕೊಡುವ ಮನೆ ಇದಕ್ಕೆ ಸೇರವು. 2023ರ ನವೆಂಬರ್ 1ರ ನಂತರ ಬರೆದ ಇಂಥ ಪಾಲಿಸಿಗಳ ದರವನ್ನು ವರ್ಷಕ್ಕೆ ಶೇ 50ರವರೆಗೆ ಏರಿಸಬಹುದು. ಮೇಲಿನ ಲೆಕ್ಕದಲ್ಲಿ 3,000 ಒಂದೇ ನೆಗೆತಕ್ಕೆ 4,500 ಆಗುತ್ತದೆ. ನ್ಯೂಜೆರ್ಸಿಯಲ್ಲೋ ಮಿಷಿಗನ್‌ನಲ್ಲೋ ದುಡಿಯುತ್ತಾ, ನಿವೃತ್ತಿಯ ಕಾಲಕ್ಕಿರಲಿ ಎಂದು ಫ್ಲಾರಿಡಾದಲ್ಲಿ ಮನೆ ಕೊಂಡಿಡುವ ನಮ್ಮವರು ಇದನ್ನು ಮೊದಲೇ ತಿಳಿದಿರಬೇಕು.

ಈ ಭೇದ ಸರಿಯೆಂದೇ ನನ್ನ ಅಭಿಪ್ರಾಯ. ಮೂವತ್ತು ವರ್ಷದ ಹಿಂದೆ ಕೊಂಡ ಮನೆಯಲ್ಲಿ ಪಿಂಚಣಿಯ ಮೇಲೆ ಬದುಕುವವರನ್ನು ಪ್ರೀಮಿಯಂ ಹೊಸಿಲಿನಿಂದಾಚೆ ತಳ್ಳಬಾರದು. ಅವರಿಗೆ ಏರಿಕೆ ಹಂತಹಂತವಾಗಿ ಬರಲಿ. ಎರಡನೇ ಮನೆ ಮಾಡಿಕೊಳ್ಳುವಷ್ಟು ಅನುಕೂಲವಿರುವವರು ತಮ್ಮ ಅಪಾಯದ ಬೆಲೆಯನ್ನು ತಾವೇ ಕೊಡಲಿ.

ಬಿರುಗಾಳಿ ಬಂದು ಖಜಾನೆ ಬರಿದಾದರೆ? ಮೊದಲ ಹೊರೆ ಸಿಟಿಜನ್ಸ್ ಪಾಲಿಸಿದಾರರದೇ: ಪ್ರೀಮಿಯಂ ಮೇಲೆ ಶೇ 15ರವರೆಗೆ ಸರ್‌ಚಾರ್ಜ್. 4,000 ಕಟ್ಟುವವರಿಗೆ ಇನ್ನು 600. ಅದೂ ಸಾಲದಿದ್ದರೆ ತುರ್ತು ಶುಲ್ಕ ಇಡೀ ರಾಜ್ಯದ ಮೇಲೆ ಬೀಳುತ್ತದೆ. ಸ್ಥೂಲವಾಗಿ ವರ್ಷಕ್ಕೆ ಪ್ರೀಮಿಯಂನ ಶೇ 10ರವರೆಗೆ, ಕೊರತೆ ತೀರುವವರೆಗೆ ಎಷ್ಟು ವರ್ಷವಾದರೂ. ಇದು ಮನೆ ವಿಮೆಗೆ ಸೀಮಿತವಲ್ಲ, ಕಾರಿನ ವಿಮೆಗೂ ಅನ್ವಯಿಸುತ್ತದೆ. ಅಂದರೆ ಸಮುದ್ರದಿಂದ ಬಲುದೂರ, ಬಾಡಿಗೆ ಕೋಣೆಯಲ್ಲಿದ್ದು ಹಳೆಯ ಕಾರಿನಲ್ಲಿ ಕೆಲಸಕ್ಕೆ ಹೋಗುವ ಹೆಣ್ಣುಮಗಳೂ, ತಾನೆಂದೂ ಕಾಣದ ಕಡಲ ತಡಿಯ ಮನೆಗಳ ನಷ್ಟಕ್ಕೆ ಪಾಲು ಕೊಡಬೇಕು. ಇಯಾನ್ ಬಂದಾಗಲೂ, 2024ರಲ್ಲಿ ಹೆಲೀನ್ ಮತ್ತು ಮಿಲ್ಟನ್ ಎರಡು ವಾರದ ಅಂತರದಲ್ಲಿ ಬಂದಾಗಲೂ ಸಿಟಿಜನ್ಸ್ ಇಂಥ ಶುಲ್ಕ ಹಾಕಬೇಕಾಗಲಿಲ್ಲ. ಆದರೆ ಅಧಿಕಾರ ಕಾನೂನಿನಲ್ಲಿ ಹಾಗೇ ಇದೆ, ಮಯಾಮಿಯಂಥ ಮಹಾನಗರದ ಮೇಲೆ ಆಂಡ್ರೂವಿನ ಬಲದ ಗಾಳಿ ನೇರವಾಗಿ ಬೀಸಿದರೆ ಅದನ್ನು ಹೊರತೆಗೆಯದೆ ವಿಧಿಯಿಲ್ಲ.

ಆದ್ದರಿಂದಲೇ 2007ರ ತೀರ್ಮಾನ ನನಗೆ ಇವತ್ತಿಗೂ ತಪ್ಪಾಗಿ ಕಾಣುತ್ತದೆ. ಆ ಜನವರಿಯಲ್ಲಿ, ಗವರ್ನರ್ ಚಾರ್ಲಿ ಕ್ರಿಸ್ಟ್ ಅಧಿಕಾರಕ್ಕೆ ಬಂದ ಹೊಸತರಲ್ಲಿ, ಶಾಸನಸಭೆ ಸಿಟಿಜನ್ಸ್ ದರವನ್ನು ಹಿಂದಕ್ಕೆಳೆದು ಅಲ್ಲಿಯೇ ಕಟ್ಟಿಹಾಕಿತು. 2009ರ ಕೊನೆಯವರೆಗೆ ಏರಿಕೆಯಿಲ್ಲ. ಖಾಸಗಿ ಕಂಪನಿಗಳೊಂದಿಗೆ ಪೈಪೋಟಿ ಮಾಡಲೂ ಬಿಟ್ಟರು. ಎರಡು ವರ್ಷ ಬಿರುಗಾಳಿಯ ಬಿಲ್ಲುಗಳಿಂದ ಬೆಂದಿದ್ದ ಜನ ಸಂತೋಷಪಟ್ಟದ್ದು ಸಹಜ. ಆದರೆ ದರ ಕಟ್ಟಿಹಾಕಿದ್ದರಿಂದ ಗಾಳಿಯ ಅಪಾಯ ಕಡಿಮೆಯಾಗಲಿಲ್ಲ. ಅಗ್ಗದ ಬೆಲೆಗೆ ಜನ ಸಿಟಿಜನ್ಸ್‌ನತ್ತ ನಡೆದರು, 2012ರ ವೇಳೆಗೆ ಪಾಲಿಸಿಗಳು 15 ಲಕ್ಷದ ಹತ್ತಿರ ಬಂದು ನಿಂತವು. 2006ರಿಂದ 2015ರವರೆಗೆ ಒಂದು ಚಂಡಮಾರುತವೂ ಫ್ಲಾರಿಡಾದ ನೆಲ ಮುಟ್ಟದ ಕಾರಣಕ್ಕೆ ರಾಜ್ಯ ಬಚಾವಾಯಿತು. ಹವಾಮಾನದ ಕೃಪೆಯನ್ನು ನಂಬಿ ದರ ನಿಗದಿ ಮಾಡುವುದು ಕೋಟಿಗಟ್ಟಲೆ ಜನರ ಮನೆಯನ್ನು ಪಣಕ್ಕಿಟ್ಟಂತೆ.

2020ರ ಬಳಿಕ ಖಾಸಗಿ ಕಂಪನಿಗಳು ಸಾಲಾಗಿ ಮುಳುಗಿದ್ದಕ್ಕೆ ಗಾಳಿಯೊಂದೇ ಕಾರಣವಲ್ಲ, ಕೋರ್ಟಿನ ಖರ್ಚೂ ಕಾರಣ. ಅಮೆರಿಕದಲ್ಲಿ ಸಲ್ಲುವ ಒಟ್ಟು ಮನೆ ವಿಮಾ ಕ್ಲೇಮುಗಳಲ್ಲಿ ಫ್ಲಾರಿಡಾದ ಪಾಲು 2019ರಲ್ಲಿ ಶೇ 8ರಷ್ಟಿದ್ದರೆ, ಆ ಕುರಿತ ಮೊಕದ್ದಮೆಗಳಲ್ಲಿ ಶೇ 76ರಷ್ಟಿತ್ತು. ಪಾಲಿಸಿದಾರ ಗೆದ್ದರೆ ಅವನ ವಕೀಲರ ಶುಲ್ಕವನ್ನೂ ಕಂಪನಿಯೇ ತೆರಬೇಕೆಂಬ ಹಳೆಯ ಕಾನೂನನ್ನು 2022ರಲ್ಲಿ ತೆಗೆದುಹಾಕಿದರು. ಕಂಪನಿಗಳು ಚೇತರಿಸಿಕೊಂಡವು, ನ್ಯಾಯವಾದ ಕ್ಲೇಮಿಗೆ ಹಣ ಸಿಗದ ಸಾಮಾನ್ಯ ಮನೆಯವರಿಗೆ ಕೋರ್ಟಿಗೆ ಹೋಗುವುದು ಕಷ್ಟವಾಯಿತು. ಕಂಪನಿಗಳಿಗೆ ಇಷ್ಟು ಕೊಟ್ಟ ರಾಜ್ಯ, ಕ್ಲೇಮು ತೀರ್ಮಾನದ ಗಡುವನ್ನು ಅವು ಅಷ್ಟೇ ಬಿಗಿಯಾಗಿ ಪಾಲಿಸುವಂತೆ ನೋಡಿಕೊಳ್ಳಬೇಕು.

ಬೇರೆ ರಾಜ್ಯಗಳ, ದೇಶಗಳ ಜಾಡು ಬೇರೆ. ಟೆಕ್ಸಸ್‌ನ ಗಾಳಿ ವಿಮಾ ಸಂಘ 1971ರಿಂದ ಕರಾವಳಿಯ 14 ಕೌಂಟಿಗಳಿಗೂ ಹ್ಯಾರಿಸ್ ಕೌಂಟಿಯ ಒಂದು ಭಾಗಕ್ಕೂ ಮೀಸಲು. ಅಲ್ಲಿ ಕಟ್ಟಡ ಗಾಳಿ ತಡೆಯುವ ನಿಯಮದಂತೆ ಕಟ್ಟಿದ್ದೆಂಬ ಪ್ರಮಾಣಪತ್ರ ಕೇಳುತ್ತಾರೆ. ಕ್ಯಾಲಿಫೋರ್ನಿಯಾದ ಫೇರ್ ಪ್ಲ್ಯಾನ್ 1968ರದು, ಮುಖ್ಯವಾಗಿ ಬೆಂಕಿಗೆ. 2025ರ ಜನವರಿಯ ಲಾಸ್ ಏಂಜಲೀಸ್ ಕಾಡ್ಗಿಚ್ಚಿನ ನಂತರ ಅದು ವಿಮಾ ಕಂಪನಿಗಳಿಂದ 100 ಕೋಟಿ ಡಾಲರ್ ಎತ್ತಬೇಕಾಯಿತು, ಅದರಲ್ಲಿ ಅರ್ಧವನ್ನು ಗ್ರಾಹಕರ ಮೇಲೆ ಹಾಕಿಕೊಳ್ಳಲು ಕಂಪನಿಗಳಿಗೆ ಅವಕಾಶವಿದೆ. ಬ್ರಿಟನ್ನಿನ ನೆರೆ ವಿಮಾ ಯೋಜನೆ ಫ್ಲಡ್ ರೀ 2016ರಲ್ಲಿ ಶುರುವಾದದ್ದು. 2009ರ ಜನವರಿ 1ರ ಬಳಿಕ ಕಟ್ಟಿದ ಮನೆಗಳಿಗೆ ಅಲ್ಲಿ ಪ್ರವೇಶವಿಲ್ಲ: ನೆರೆ ಬರುವ ಜಾಗವೆಂದು ತಿಳಿದೂ ಹೊಸದಾಗಿ ಕಟ್ಟಿದವರಿಗೆ ರಿಯಾಯಿತಿ ಕೊಡಬಾರದು ಎಂಬ ನಿಲುವು. 2039ಕ್ಕೆ ಆ ಯೋಜನೆ ಮುಗಿಯುವುದೆಂದೂ ಮೊದಲೇ ಬರೆದಿಟ್ಟಿದ್ದಾರೆ. ಇಂಥ ಒಂದು ಕೊನೆಯ ಗಡುವು ಫ್ಲಾರಿಡಾದ ಕಾನೂನಿನಲ್ಲಿ ಇದ್ದಿದ್ದರೆ ಎಂದು ನನಗನ್ನಿಸುತ್ತದೆ.

ಫ್ಲಾರಿಡಾದ ಬಳಿ ಬೇರೊಂದು ಒಳ್ಳೆಯ ಸಾಧನವಿದೆ. ಆಂಡ್ರೂ ಕಲಿಸಿದ ಮೊದಲ ಪಾಠ ಕಟ್ಟಡದ್ದೇ: ಚಾವಣಿಯನ್ನು ಗೋಡೆಗೆ ಸರಿಯಾಗಿ ಬಿಗಿಯದಿದ್ದಲ್ಲೆಲ್ಲ ಅದು ಹಾರಿಹೋಗಿತ್ತು, ಚಾವಣಿ ಹೋದ ಮೇಲೆ ಒಳಗಿನದು ಯಾವುದೂ ಉಳಿದಿರಲಿಲ್ಲ. 2002ರ ಮಾರ್ಚ್‌ನಿಂದ ಇಡೀ ರಾಜ್ಯಕ್ಕೆ ಒಂದೇ ಕಟ್ಟಡ ಸಂಹಿತೆ ಬಂತು. ಅದಕ್ಕಿಂತ ಹಳೆಯ ಮನೆಗೂ ದಾರಿಯಿದೆ. ಚಾವಣಿಯ ತೊಲೆಗಳನ್ನು ಗೋಡೆಗೆ ಹಿಡಿದಿಡುವ ಲೋಹದ ಪಟ್ಟಿ, ಕಿಟಕಿಗೆ ಷಟರ್ ಅಥವಾ ಏಟು ತಡೆಯುವ ಗಾಜು, ಗಟ್ಟಿಯಾದ ಗ್ಯಾರೇಜ್ ಬಾಗಿಲು ಇದ್ದರೆ ಪ್ರೀಮಿಯಂನ ಗಾಳಿಯ ಭಾಗದಲ್ಲಿ ರಿಯಾಯಿತಿ ಕೊಡಲೇಬೇಕೆಂದು ಕಾನೂನಿದೆ. ಸಿಟಿಜನ್ಸ್‌ಗೂ ಅದು ಅನ್ವಯ. ಮೈ ಸೇಫ್ ಫ್ಲಾರಿಡಾ ಹೋಮ್ ಯೋಜನೆಯಲ್ಲಿ ರಾಜ್ಯವೇ ಉಚಿತವಾಗಿ ತಪಾಸಣೆ ಮಾಡಿಸಿ, ಅರ್ಹ ಮನೆಯವರು ಹಾಕುವ ಪ್ರತಿ ಒಂದು ಡಾಲರಿಗೆ ಎರಡು ಡಾಲರ್ ಸೇರಿಸಿ, 10 ಸಾವಿರದವರೆಗೆ ಅನುದಾನ ಕೊಡುತ್ತದೆ. ಶಾಸನಸಭೆ ಕೊಟ್ಟಷ್ಟು ಹಣ ಇರುವವರೆಗೆ ಮಾತ್ರ ಇದು ಸಿಗುತ್ತದೆ. ನನ್ನ ಕೈಯಲ್ಲಿದ್ದಿದ್ದರೆ ದರ ತಗ್ಗಿಸುವ ಭಾಷಣಗಳಿಗೆ ಖರ್ಚಾಗುವ ಉತ್ಸಾಹವನ್ನೆಲ್ಲ ಈ ಯೋಜನೆಗೆ ಹಾಕುತ್ತಿದ್ದೆ. ಒಮ್ಮೆ ಬಿಗಿದ ಲೋಹದ ಪಟ್ಟಿ ಯಾವ ಗವರ್ನರ್ ಬಂದರೂ ಅಲ್ಲಿಯೇ ಇರುತ್ತದೆ, ಆ ಮನೆಯ ಕ್ಲೇಮನ್ನೂ ನೆರೆಮನೆಯವರ ಶುಲ್ಕವನ್ನೂ ಒಟ್ಟಿಗೆ ತಗ್ಗಿಸುತ್ತದೆ.

ಹಾಗಾಗಿ ಅಲ್ಲಿ ಮನೆ ನೋಡಲು ಹೊರಟವರು ಅಡುಗೆಮನೆ, ಪೂರ್ವದ ಬಾಗಿಲು ನೋಡುವ ಮೊದಲು ಕೆಲವನ್ನು ಕೇಳಿಕೊಳ್ಳುವುದು ಒಳ್ಳೆಯದು. ಚಾವಣಿ ಯಾವ ವರ್ಷದ್ದು, ಬದಲಾಯಿಸಿದ್ದರೆ ಅನುಮತಿ ಪತ್ರ ಇದೆಯೇ? ಮಾರುವವರ ಬಳಿ ಗಾಳಿ ತಡೆಯ ತಪಾಸಣಾ ವರದಿ ಇದೆಯೇ? ನೆರೆ ನಕ್ಷೆಯಲ್ಲಿ ಮನೆ ಯಾವ ವಲಯಕ್ಕೆ ಬರುತ್ತದೆ? ಚಂಡಮಾರುತದ ಹಾನಿಯಲ್ಲಿ ಮೊದಲು ನಿಮ್ಮ ಕೈಯಿಂದ ಹಾಕಬೇಕಾದ ಪಾಲು ಶೇ 2ರದೋ, 5ರದೋ, 10ರದೋ? ಇದು ಆದ ನಷ್ಟದ ಮೇಲಿನ ಶೇಕಡಾವಾರು ಅಲ್ಲ, ಮನೆಯ ವಿಮಾ ಮೊತ್ತದ ಮೇಲಿನದು. 4 ಲಕ್ಷದ ಮನೆಗೆ ಶೇ 2 ಎಂದರೆ 8,000 ಡಾಲರ್, ಶೇ 10 ಎಂದರೆ 40,000. ಮುಂಗಡ ಕೊಡುವ ಮೊದಲೇ ಖಾಸಗಿ ಕಂಪನಿಯದೂ ಸಿಟಿಜನ್ಸ್‌ನದೂ ಎರಡೂ ದರಗಳನ್ನು ಬರವಣಿಗೆಯಲ್ಲಿ ತರಿಸಿಕೊಂಡರೆ ಶೇ 20ರ ಗೆರೆಯ ಯಾವ ಬದಿಗೆ ನಿಂತಿದ್ದೀರಿ ಎಂಬುದು ಸಾಲದ ಕಾಗದಕ್ಕೆ ಸಹಿ ಹಾಕುವ ಮುಂಚೆಯೇ ಗೊತ್ತಾಗುತ್ತದೆ.